ಅಂಡರ್ ರಿವ್ಯೂ

ಅಮೆರಿಕದ ಪೂರ್ವ ತೀರದಲ್ಲಿ ಆಫೀಸುಗಳ ಬಾಗಿಲು ತೆರೆಯುವುದೂ ನಮ್ಮ ಸಾಗರ ಸೀಮೆಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುವುದೂ ಒಂದೇ ಹೊತ್ತಿಗೆ. ಚಳಿಗಾಲದಲ್ಲಿ ಅವರ ಬೆಳಗಿನ ಒಂಬತ್ತು ಅಂದರೆ ನಮ್ಮ ರಾತ್ರಿ ಏಳೂವರೆ. ಕ್ಯಾಲಿಫೋರ್ನಿಯಾದವರದು ಇನ್ನೂ ನಿಧಾನ. ಅವರು ಕಂಪ್ಯೂಟರ್ ಮುಂದೆ ಕೂರುವಾಗ ನಮ್ಮಲ್ಲಿ ಹತ್ತೂವರೆ, ಏಳುವಾಗ ನಮ್ಮಲ್ಲಿ ಮರುದಿನ ಬೆಳಗಿನ ಆರೂವರೆ. ಹೀಗಾಗಿ ಅಲ್ಲಿಗೆ ಪಿಎಚ್‌ಡಿಗೆಂದು ಅರ್ಜಿ ಹಾಕಿ ಕೂತ ನನಗೆ ಏಳೂವರೆಯಿಂದ ಆರೂವರೆಯವರೆಗೆ ರಾತ್ರಿ ಪಾಳಿ. ಸಂಬಳ ಇಲ್ಲ.

ರಜೆ ಮಾತ್ರ ಇದೆ. ಶುಕ್ರವಾರದ ಪಾಳಿ ಶನಿವಾರ ಬೆಳಿಗ್ಗೆ ಮುಗಿದರೆ ಸೋಮವಾರ ರಾತ್ರಿಯವರೆಗೆ ನಾನು ಮನುಷ್ಯಳು. ಉಂಡದ್ದು ರುಚಿಸುತ್ತದೆ, ಯಾರಾದರೂ ಮಾತಾಡಿಸಿದರೆ ಕೇಳಿಸುತ್ತದೆ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ, ಫೆಬ್ರವರಿಯ ಮೂರನೇ ಸೋಮವಾರ ಪ್ರೆಸಿಡೆಂಟ್ಸ್ ಡೇ. ಎರಡನ್ನೂ ನಾನು ತಲೆಗೆ ಎಣ್ಣೆ ಹಚ್ಚಿ ಮಿಂದು ಆಚರಿಸಿದ್ದೇನೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಅಂದಿನಿಂದ ನನ್ನ ಡ್ಯೂಟಿ ಆರೂವರೆಗೇ ಶುರು. ದೇವರ ದೀಪ ಹಚ್ಚುವ ಹೊತ್ತು. ಅಜ್ಜಿಗೆ ನಾನು ಮೊಬೈಲಿಗೆ ಕೈಮುಗಿದದ್ದು ಕಂಡಿದೆ.

ನನ್ನ ವಿಷಯ ಸಸ್ಯರೋಗಶಾಸ್ತ್ರ. ಬಿಡಿಸಿ ಹೇಳುವುದಾದರೆ, ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿ ಉದುರಿಸುವ ಕೊಳೆರೋಗ. ಹಿಂದೆ ಐರ್ಲೆಂಡಿನ ಆಲೂಗಡ್ಡೆಯನ್ನೆಲ್ಲ ತಿಂದು ಬರಗಾಲ ತಂದ ಫೈಟಾಫ್ತೊರಾ ಕುಲದ್ದೇ ಇದು. ಕೊಳೆ ಇಲ್ಲಿದೆ, ತೋಟ ಇಲ್ಲಿದೆ, ಅಮೆರಿಕಕ್ಕೆ ಯಾಕೆ ಎಂದು ಕೇಳುವವರಿಗೆ ನಾನು ಕೋಲ್ಮನ್ನರನ್ನು ತೋರಿಸುತ್ತೇನೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ನಮ್ಮ ಕೊಳೆಕಾಯಿ ಹೆಕ್ಕಿ ನೋಡಿ 1910ರಲ್ಲಿ ಅದರ ಬಗ್ಗೆ ಬರೆದರು. ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣವನ್ನು ಅಡಿಕೆ ತೋಟಕ್ಕೆ ತಂದರು. ಆ ಉಪಕಾರ ತೀರಿಸಲು ನಾನು ಹೊರಟಿದ್ದೇನೆ ಎಂದು ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ ಗಂಭೀರವಾಗಿ ಬರೆದಿದ್ದೇನೆ. ಬರೆಯದೆ ಬಿಟ್ಟದ್ದು ಇಷ್ಟೇ: ಮೊದಲು ಕನ್ನಡ ಪರೀಕ್ಷೆ ಪಾಸು ಮಾಡಿ ಬನ್ನಿ, ಮೂವರು ಮೇಷ್ಟ್ರಿಂದ ಶಿಫಾರಸು ಪತ್ರ ತನ್ನಿ, ಜೊತೆಗೆ ನೂರು ಡಾಲರ್ ಕಟ್ಟಿ, ಆಮೇಲೆ ಕಾಯುತ್ತಿರಿ ಎಂದು ಸಂಸ್ಥಾನದವರು ಅವರಿಗೆ ಹೇಳಿರಲಾರರು.

ಟೋಫೆಲ್, ಟ್ರಾನ್ಸ್‌ಕ್ರಿಪ್ಟು, ಕೊನೆಯ ಗಳಿಗೆಯವರೆಗೂ ಪತ್ರ ಕಳಿಸದ ಮೇಷ್ಟ್ರು, ಇದೆಲ್ಲ ಅರ್ಜಿ ಹಾಕಿದವರಿಗೆಲ್ಲ ಗೊತ್ತಿದ್ದದ್ದೇ. ಫೆಬ್ರವರಿಯ ಒಂದು ರಾತ್ರಿಯ ಕಥೆ ಮಾತ್ರ ಹೇಳುತ್ತೇನೆ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಯ ಕಟ್ಟೆಯ ಮೇಲೆ. ಅಲ್ಲಿ ನಿಂತು ಗುಡ್ಡದ ಕಡೆ ಮುಖ ಮಾಡಿದರೆ ಎರಡು ಕಡ್ಡಿ. ಆ ರಾತ್ರಿ ಸುಲಿಯುವವರೆಲ್ಲ ಎದ್ದು ಹೋದ ಮೇಲೆ ಕಟ್ಟೆ ಹತ್ತಿದೆ. ಟಿಂಗ್ ಎಂದಿತು. 'ನಿಮ್ಮ ಅರ್ಜಿಗೆ ಸಂಬಂಧಿಸಿದಂತೆ ಹೊಸ ಮಾಹಿತಿ ಇದೆ, ಪೋರ್ಟಲ್ ನೋಡಿ.' ಕಾಯುವವರ ಲೋಕದಲ್ಲಿ ಒಂದು ಶಾಸ್ತ್ರವಿದೆ: ಒಳ್ಳೆಯ ಸುದ್ದಿಯಾದರೆ ಮೇಲ್‌ನಲ್ಲೇ ಹೇಳುತ್ತಾರೆ, ಕೆಟ್ಟದ್ದನ್ನು ಪೋರ್ಟಲ್‌ನೊಳಗೆ ಬಚ್ಚಿಡುತ್ತಾರೆ. ಇದಕ್ಕೆ ಸರಿಯಾಗಿ ಉಲ್ಟಾ ಹೇಳುವ ಇನ್ನೊಂದು ಶಾಸ್ತ್ರವೂ ಇದೆ. ಎರಡನ್ನೂ ನಂಬುವ ನಾನು ಪೋರ್ಟಲ್ ಒತ್ತುವಷ್ಟರಲ್ಲಿ ಮೊಬೈಲ್ ಲಾಕ್ ಆಯಿತು. ಹೆಬ್ಬೆರಳು ಒತ್ತಿದೆ. ಅದು ನನ್ನನ್ನು ಗುರುತಿಸಲಿಲ್ಲ. ಸಂಜೆಯಿಂದ ಹಸಿ ಅಡಿಕೆ ಸುಲಿದ ಕೈ. ಚೊಗರು ಹತ್ತಿ ಕಪ್ಪಾಗಿ, ಮೇಲೆ ಎರಡು ಕಡೆ ಮೆಟ್ಟುಗತ್ತಿ ತಾಗಿ, ನನ್ನ ಹೆಬ್ಬೆರಳು ನನ್ನದಾಗಿ ಉಳಿದಿರಲಿಲ್ಲ. ನಂಬರ್ ಹಾಕಿ ತೆರೆದೆ.

ಪೋರ್ಟಲ್ ಪಾಸ್‌ವರ್ಡ್ ಕೇಳಿತು. ಒಂದೊಂದು ಯೂನಿವರ್ಸಿಟಿಗೂ ಒಂದೊಂದು ಮಡಿ: ಒಬ್ಬರಿಗೆ ದೊಡ್ಡಕ್ಷರ ಬೇಕು, ಒಬ್ಬರಿಗೆ ಅಂಕಿ ಬೇಕು, ಇನ್ನೊಬ್ಬರಿಗೆ ನಕ್ಷತ್ರ ಚಿಹ್ನೆಯೇ ಬೇಕು. ನನಗೆ ಯಾವುದೂ ನೆನಪಾಗಲಿಲ್ಲ. ಮರೆತಿದ್ದೀರಾ ಎಂದಿತು. ಹೌದು ಎಂದೆ. ಹಾಗಾದರೆ ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರು ಹೇಳಿ ಎಂದಿತು.

ಗೌರಿ! ಅದರಲ್ಲೇನು ಅನುಮಾನ? ಆದರೆ ಇಂಗ್ಲಿಷಿನಲ್ಲಿ ಗೌರಿ ಹೇಗೆ? ಜಿ-ಓ-ಡಬ್ಲ್ಯೂ ಹಾಕಿ ಕೊನೆಗೆ ವೈ ಕೊಟ್ಟೆ, ತಪ್ಪು. ಜಿ-ಎ-ಯು ಹಾಕಿ ಐ ಕೊಟ್ಟೆ, ತಪ್ಪು. ಇನ್ನೊಮ್ಮೆ ತಪ್ಪಿದರೆ ಬೀಗ ಎಂದು ಕೆಂಪಕ್ಷರದಲ್ಲಿ ಬಂತು. ನಾನು ಕತ್ತಲಲ್ಲಿ ನಿಂತು, ಉಚ್ಚಾರಣೆಯಿಂದಲಾದರೂ ಹೊಳೆಯಲಿ ಎಂದು, 'ಗೌರೀ... ಗೌ-ರೀ...' ಎನ್ನತೊಡಗಿದೆ. ಕೊಟ್ಟಿಗೆಯಲ್ಲಿ ಮಲಗಿದ್ದ ಗೌರಿ, ಆ ಮೊದಲ ಗೌರಿಯ ಮೊಮ್ಮಗಳು, ಎದ್ದು ನಿಂತು 'ಅಂಬಾ' ಎಂದಿತು. ನಾನು ಮತ್ತೆ ಕರೆದೆ, ಅದು ಮತ್ತೆ ಓಗೊಟ್ಟಿತು. ನಾಯಿ ಬೊಗಳಿತು. ತೋಟದಾಚೆಯ ಮನೆಯವರು 'ಹೋಯ್' ಎಂದು ಕೂಗು ಹಾಕಿದರು. ಹಸುವಿಗೆ ದಿನ ತುಂಬಿತ್ತು ನೋಡಿ. ಅಮ್ಮ ಹಂಡೆಗೆ ಬೆಂಕಿ ಹಾಕಿದಳು, ಅಪ್ಪಯ್ಯ ಬ್ಯಾಟರಿ ಹಿಡಿದು ಓಡಿ ಬಂದರು, ಹಿಂದೆಯೇ ಅಜ್ಜಿ.

"ಎಂತ ಆತೇ ಕೂಸೇ, ಗೌರಿಗೆ?"

ಗೌರಿಗೆ ಏನೂ ಆಗಿಲ್ಲ, ಸ್ಪೆಲ್ಲಿಂಗ್ ಗೊತ್ತಾಗುತ್ತಿಲ್ಲ ಎಂದೆ.

"ಗೌರಿ ಹೇಳೇ ಬರಿ. ಅದರಲ್ಲಿ ಎಂತ ಇದ್ದು?" ಎಂದರು ಅಜ್ಜಿ.

ಅಪ್ಪಯ್ಯ ಒಂದು ಕ್ಷಣ ಯೋಚಿಸಿ, ಹಸುವಿನ ವಿಮೆಯ ಕಾಗದ ತುಂಬಿದವಳು ನೀನೇ, ಅದರಲ್ಲಿ ಬರೆದದ್ದನ್ನೇ ಇಲ್ಲೂ ಹಾಕು ಎಂದರು. ಮನೆಯಲ್ಲಿ ಯಾರಿಗೆ ಪಿಎಚ್‌ಡಿ ಕೊಡಬೇಕು ಎಂಬುದು ಆಗಲೇ ತೀರ್ಮಾನವಾಗಬೇಕಿತ್ತು. ಟ್ರಂಕ್ ತೆಗೆದು ಕಾಗದ ತಂದರು. ಜಿ-ಓ-ಡಬ್ಲ್ಯೂ-ಆರ್-ಐ. ಬೀಗ ತೆರೆಯಿತು. ಗೊಬ್ಬರಗುಂಡಿಯ ಕಟ್ಟೆಯ ಮೇಲೆ ಇಡೀ ಸಂಸಾರ ಉಸಿರು ಬಿಗಿಹಿಡಿದು ನಿಂತಿತು. ಪುಟ ನಿಧಾನವಾಗಿ ಮೂಡಿತು: 'ಅರ್ಜಿ ಸಲ್ಲಿಸಿದ ಅನುಭವ ಹೇಗಿತ್ತು? ಐದರಲ್ಲಿ ಎಷ್ಟು ಅಂಕ ಕೊಡುವಿರಿ?' ಕೆಳಗೆ, ಮೊದಲಿನಂತೆಯೇ: ಅಂಡರ್ ರಿವ್ಯೂ.

"ಎಂತಡೇ?" ಎಂದರು ಅಜ್ಜಿ. ಇನ್ನೂ ಪರಿಶೀಲಿಸುತ್ತಿದ್ದಾರಂತೆ ಎಂದೆ.

"ಅಷ್ಟೆಲ್ಲ ನೋಡುವಂಥದ್ದು ಎಂತ ಇದ್ದು ನಿನ್ನಲ್ಲಿ?"

ನಾನು ಐದಕ್ಕೆ ಐದು ಅಂಕ ಕೊಟ್ಟೆ. ಸಮಿತಿಯವರು ಅದನ್ನೂ ನೋಡುತ್ತಾರೋ ಏನೋ, ಯಾರಿಗೆ ಗೊತ್ತು?

ಮರುದಿನ ಸುಲಿಯುವ ಚಪ್ಪರದಲ್ಲಿ ಇದೇ ಸುದ್ದಿ. 'ನಮ್ಮ ಮಾಣಿಗೆ ವಾರದೊಳಗೆ ಸೀಟು ಬಂದಿತ್ತಪ್ಪ' ಎಂದರು ನೆಂಟರೊಬ್ಬರು. ಮಾಣಿ ಹೋದದ್ದು ಕೈಯಿಂದ ದುಡ್ಡು ಕಟ್ಟುವ ಎಂಎಸ್‌ಗೆ. ಪಿಎಚ್‌ಡಿಯಲ್ಲಿ ಶುಲ್ಕ ಮಾಫಿ ಮಾಡಿ, ಮೇಲೆ ಸಂಬಳ ಕೊಡಬೇಕಾದವರು ಯೂನಿವರ್ಸಿಟಿಯವರು. ಪ್ರೊಫೆಸರರ ಹತ್ತಿರ ಅನುದಾನ ಇರಬೇಕು. 2025ರಲ್ಲಿ ಅಲ್ಲಿಯ ಸರ್ಕಾರ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಿದಾಗ ಹಲವು ಕಡೆ ಪಿಎಚ್‌ಡಿ ಸೀಟುಗಳೇ ಕಡಿಮೆಯಾದವು, ಕೊಟ್ಟ ಆಫರನ್ನು ವಾಪಸು ಪಡೆದದ್ದೂ ಉಂಟು. ಇದನ್ನೆಲ್ಲ ವಿವರಿಸಿದರೆ ನೆಂಟರು 'ಅಂದರೆ ಬಂದಿಲ್ಲ' ಎನ್ನುತ್ತಾರೆ. ಆ ಒಂದು ಮಾತಿಗೆ ನನಗೆ ಬರುವ ಸಿಟ್ಟಿನಲ್ಲಿ ಒಂದು ಬುಟ್ಟಿ ಅಡಿಕೆ ಸುಲಿದು ಮುಗಿಯುತ್ತದೆ. ಅಮ್ಮ ಇದನ್ನು ಗಮನಿಸಿದ್ದಾಳೆ. ಈಚೆಗೆ ಆ ನೆಂಟರನ್ನು ಸುಲಿಯುವ ಹೊತ್ತಿಗೇ ಕರೆಯುತ್ತಾಳೆ.

ಅಪ್ಪಯ್ಯ ಮಾತ್ರ ಒಮ್ಮೆಯೂ ಕೇಳಿಲ್ಲ. ಕಳೆದ ಮಳೆಗಾಲ ಬಿಡುವೇ ಕೊಡದೆ ಸುರಿದು ಎರಡನೇ ಔಷಧಿ ಹೊಡೆಯಲಾಗಲಿಲ್ಲ. ಮರದ ಬುಡದಲ್ಲೆಲ್ಲ ಕೊಳೆಕಾಯಿ. ಆ ವರ್ಷವೇ ಅವರು ಅಟ್ಟದಲ್ಲಿದ್ದ ಹಳೆ ಅಡಿಕೆ ಮಾರಿ ನನ್ನ ಅರ್ಜಿ ಶುಲ್ಕಗಳನ್ನು ಕಟ್ಟಿದ್ದು. ಆ ರಾತ್ರಿ ಎಲ್ಲರೂ ಒಳಗೆ ಹೋದ ಮೇಲೆ ಅವರು ಆಡಿದ್ದು ಒಂದೇ ಮಾತು: "ಸೀಟು ಬಂದ್ರೂ ಬರದಿದ್ರೂ, ಮಳೆ ಹಿಡಿಯದ್ರೊಳಗೆ ಮೊದಲನೇ ಔಷಧಿ ಹೊಡೆಯವು." ನನಗೆ ನಗಲು ಆಗಲಿಲ್ಲ.

ಇನ್ನು ನನ್ನ ಆಸೆಯೆಲ್ಲ ಏಪ್ರಿಲ್ 15ರ ಮೇಲೆ. ಧನಸಹಾಯದ ಸಮೇತ ಆಫರ್ ಸಿಕ್ಕವರನ್ನು ಅದಕ್ಕೂ ಮುಂಚೆ ಉತ್ತರ ಕೊಡಿ ಎಂದು ಒತ್ತಾಯಿಸಬಾರದೆಂದು ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಹೀಗಾಗಿ ಜಾಣರೊಬ್ಬರು ನಾಲ್ಕಾರು ಆಫರ್ ಹಿಡಿದುಕೊಂಡು ಹದಿನಾಲ್ಕರ ರಾತ್ರಿಯವರೆಗೆ ನೆಮ್ಮದಿಯಾಗಿ ಕೂತಿರಬಹುದು. ಅವರು ಬಿಟ್ಟರೆ ಮಾತ್ರ ವೇಟಿಂಗ್ ಲಿಸ್ಟಿನವರಿಗೆ ಸೀಟು. ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಹೋಗದ ಕಡೆಗೆಲ್ಲ ಇವತ್ತೇ 'ಬೇಡ' ಎಂದು ಬರೆದುಬಿಡಿ. ಉಳಿದವರು ಏಪ್ರಿಲ್ 15ರವರೆಗೆ ದಯವಿಟ್ಟು ನನ್ನನ್ನು ಏನೂ ಕೇಳಬೇಡಿ. ಬೇಕಾದರೆ ಅಡಿಕೆ ರೇಟು ಕೇಳಿ, ಹೇಳುತ್ತೇನೆ.