ಡಾಂಬರು ಡ್ರಮ್ಮಿನ ಜ್ಯಾಮಿತಿ

ಮಿನಿಮಲ್ ಕಲೆ 1960ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಪಂಥ. ಚೌಕ, ಗೆರೆ, ಪೆಟ್ಟಿಗೆಯಂಥ ಸರಳ ಆಕಾರ, ಕಾರ್ಖಾನೆಯಿಂದ ಬಂದ ಸಾಮಾನು, ಕಲಾವಿದರ ಕೈಯ ಗುರುತೇ ಕಾಣಬಾರದೆಂಬ ಹಟ ಇವೇ ಅದರ ಬಂಡವಾಳ. ಈ ಲೆಕ್ಕದಲ್ಲಿ ಹನೂರು ತಾಲ್ಲೂಕಿನ ರಾಮಾಪುರದಲ್ಲಿ ಕಲೆಗೆ ಬರವಿಲ್ಲ. ಕಟ್ಟುತ್ತಿರುವ ಮನೆಯ ಮುಂದೆ ಇಟ್ಟಿಗೆಯ ಅಟ್ಟಿ, ರಸ್ತೆ ಬದಿಗೆ ಡಾಂಬರು ಡ್ರಮ್. ಟಿಕೆಟ್ ಇಡುವವರಷ್ಟೇ ಇನ್ನೂ ಬಂದಿಲ್ಲ.

ಡ್ಯಾನ್ ಫ್ಲೇವಿನ್ 1963ರ ಮೇ 25ರಂದು ಎಂಟು ಅಡಿಯ ಟ್ಯೂಬ್‌ಲೈಟನ್ನು ಗೋಡೆಗೆ ಓರೆಯಾಗಿ ಬಿಗಿದು, ಆ ತಾರೀಕನ್ನೇ ಕೃತಿಯ ಹೆಸರಿಗೆ ಸೇರಿಸಿದರು. ರಾಮಾಪುರದಲ್ಲಿ ಟ್ಯೂಬ್‌ಲೈಟ್ ಓರೆಯಾದರೆ ವೈರಿಂಗ್‌ನವನನ್ನು ಮತ್ತೆ ಕರೆಸುತ್ತಾರೆ. ಕಾರ್ಲ್ ಆಂದ್ರೆ ಇನ್ನೂ ಒಂದು ಕೈ ಮೇಲು. 1966ರಲ್ಲಿ ಅವರು 120 ಇಟ್ಟಿಗೆಗಳನ್ನು ಎರಡು ವರಸೆಯಲ್ಲಿ, ಗಾರೆಯಿಲ್ಲದೆ, ನೆಲದ ಮೇಲೆ ಜೋಡಿಸಿದರು. ಕೊಳ್ಳುವವರು ಬರಲಿಲ್ಲ, ಇಟ್ಟಿಗೆ ವಾಪಸು ಹೋಯಿತು. ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಕೊಳ್ಳಲು ಬರುವ ಹೊತ್ತಿಗೆ ಆ ಕಾರ್ಖಾನೆಯೇ ಮುಚ್ಚಿತ್ತು. ಬೇರೆ ಇಟ್ಟಿಗೆ ತಂದು ಜೋಡಿಸಿದ್ದಾಯಿತು, ಕೃತಿ ಮಾತ್ರ ಅದೇ. 1976ರಲ್ಲಿ ಜನರ ದುಡ್ಡು ಇಟ್ಟಿಗೆಗೆ ಹೋಯಿತೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು. ಒಬ್ಬ ಅದರ ಮೇಲೆ ನೀಲಿ ಬಣ್ಣ ಎರಚಿದ. ಸಾಮಾನು ವಾಪಸು ಹೋದ ಮೇಲೂ ಕೂಲಿ ಹುಟ್ಟುವ ಈ ಪದ್ಧತಿ ನಮ್ಮ ಮೇಸ್ತ್ರಿಗಳಿಗೆ ಇನ್ನೂ ತಿಳಿದಿಲ್ಲ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಇಂಥವೇ ಸಾಮಾನುಗಳಿಗೆ ಕೈಹಾಕಿದವರು. ಅಮೆರಿಕದವರು ಇಟ್ಟಿಗೆಯನ್ನು ಬರೀ ಇಟ್ಟಿಗೆಯಾಗಿ ನೋಡಿ ಎಂದರೆ, ಇವರು ವಸ್ತುವಿಗೆ ಅಂಟಿದ ದುಡಿಮೆಯ ಮಸಿಯನ್ನು ಒರೆಸದೆ ಬಿಟ್ಟರು. ರಸ್ತೆ ಕೆಲಸದ ಕೂಲಿಗಳು ಡಾಂಬರು ಡ್ರಮ್ಮನ್ನು ಬಡಿದು ತಗಡು ಮಾಡಿ ಅದರಲ್ಲೇ ಗುಡಿಸಲು ಹಾಕಿಕೊಳ್ಳುತ್ತಾರೆ. ಶೀಲಾ ಅವರ 2006ರ ‘ಡಾರ್ಕ್‌ರೂಮ್’ ಅಂಥ ತಗಡು, ಇಡಿ ಡ್ರಮ್‌ಗಳಿಂದಲೇ ಕಟ್ಟಿದ ಕೋಣೆ. ಹೊರಗೆ ಕೋಟೆಯ ಬಿಗುಮಾನ, ಒಳಹೋಗಲು ಮಾತ್ರ ನಡು ಬಗ್ಗಿಸಬೇಕು. ಒಳಗೆ ಕತ್ತಲೆ, ಮೇಲಿನ ತಗಡಿನ ಸಣ್ಣ ತೂತುಗಳಲ್ಲಿ ಬೆಳಕು ಚುಕ್ಕಿಚುಕ್ಕಿಯಾಗಿ ಇಳಿದು ರಾತ್ರಿಯ ಆಕಾಶ ಕಾಣುತ್ತದೆ. ಮಳೆಗಾಲದಲ್ಲಿ ಇಂಥ ನಕ್ಷತ್ರ ಕಂಡ ಮನೆಯವರು ಕೆಳಗೆ ಪಾತ್ರೆ ಇಡುವುದು ವಾಡಿಕೆ.

2009ರಲ್ಲಿ ವೆನಿಸ್ ಬಿಯೆನಾಲೆಗೆ ಹೋದ ಶೀಲಾ ಅವರದೇ ‘ಬಿಹೋಲ್ಡ್’ ಈಗ ಟೇಟ್‌ನ ಆಸ್ತಿ. ಅದರಲ್ಲಿ ಸುಮಾರು 4,000 ಮೀಟರ್ ಕೂದಲ ಹಗ್ಗ, ಅದರಿಂದ ತೂಗುಬಿದ್ದ ಸುಮಾರು 20 ಕಾರಿನ ಬಂಪರ್. ಲಂಡನ್ನಿನವರಿಗೆ ಪಕ್ಕದಲ್ಲೊಂದು ವಿವರಣೆ ಫಲಕ ಬೇಕು. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬರುವ ರಾಮಾಪುರದವರಿಗೆ ಕೂದಲ ಹರಕೆಯೂ ಗೊತ್ತು, ದೃಷ್ಟಿಯಾಗದಿರಲೆಂದು ಬಂಪರಿಗೆ ಕಟ್ಟುವ ಹಗ್ಗವೂ ಗೊತ್ತು. ಗಾಡಿಯೇ ಇಲ್ಲದ ಬಂಪರಿಗೆ ಯಾರ ದೃಷ್ಟಿ ತಾಗೀತು ಎಂಬುದೊಂದನ್ನು ಅವರು ಕೇಳಿಯಾರು.