ಬೀದಿ ಅಳಿಸಿ, ಫೋಟೊ ಉಳಿಸಿ

ಬೆಂಗಳೂರಿನಲ್ಲಿ ಹಳೇ ಬೀದಿಗಳನ್ನು ನೆಲಸಮ ಮಾಡುವವರು ಎರಡು ಬಗೆ. ಜೆಸಿಬಿ ತರುವವರು ಒಂದು, ಫೋಟೊಗ್ರಫಿ ಕ್ಲಬ್ಬಿನ ವಿಮರ್ಶಕರು ಇನ್ನೊಂದು. ಮೊದಲಿನವರಿಗೆ ಪಾಲಿಕೆಯ ಅನುಮತಿ ಬೇಕು, ಬೇಕೆಂದು ಕಾನೂನಾದರೂ ಹೇಳುತ್ತದೆ. ಎರಡನೆಯವರಿಗೆ ಭಾನುವಾರದ ಬೆಳಗು ಮತ್ತು ಒಂದು ಪ್ರೊಜೆಕ್ಟರ್ ಸಾಕು.

ಕೆಲಸ ನಡೆಯುವುದು ಹೀಗೆ. ಹೊಸ ಹುಡುಗನೊಬ್ಬ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂ ಮಾರುವ ಅಜ್ಜಿಯ ಫೋಟೊ ತರುತ್ತಾನೆ. ಅಜ್ಜಿಯ ಹಿಂದೆ ಗ್ರಂದಿಗೆ ಅಂಗಡಿಯ ಬೋರ್ಡು, ಮೇಲೆ ಪಿಜಿಯ ಫ್ಲೆಕ್ಸು, ಮರದಿಂದ ಮರಕ್ಕೆ ಜೋತುಬಿದ್ದ ಇಂಟರ್ನೆಟ್ ಕೇಬಲ್ಲು, ಮೂಲೆಯಲ್ಲಿ ಹಸಿರು ಬಲೆ ಹೊದ್ದು ಏಳುತ್ತಿರುವ ಅಪಾರ್ಟ್‌ಮೆಂಟು. ಹಿರಿಯ ಸದಸ್ಯರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಸಲೂನುಗಳೆಂಬ ಫೋಟೊ ಸ್ಪರ್ಧೆಗಳಿಂದ ಗಳಿಸಿದ ಬಿರುದಿನ ಅಕ್ಷರಗಳು ಅವರ ಹೆಸರಿಗಿಂತ ಉದ್ದ.

“ಪ್ರಯತ್ನ ಚೆನ್ನಾಗಿದೆ ಕಣಯ್ಯ. ಆದ್ರೆ ಬ್ಯಾಕ್‌ಗ್ರೌಂಡ್ ಗಲೀಜು. ಆ ಕೇಬಲ್ ಎತ್ತು.”

ಎತ್ತಿದ.

“ಫ್ಲೆಕ್ಸು ಕಣ್ಣಿಗೆ ಹೊಡೀತದೆ.”

ಅದೂ ಹೋಯಿತು. ಬೋರ್ಡು ಮಸುಕಾಯಿತು, ಅಪಾರ್ಟ್‌ಮೆಂಟು ಕ್ರಾಪಿನಲ್ಲಿ ಕತ್ತರಿಸಿಹೋಯಿತು. ಬಣ್ಣವೂ ಬೇಡವೆಂದು ಬ್ಲ್ಯಾಕ್ ಅಂಡ್ ವೈಟ್ ಆಯಿತು. ಕೊನೆಗೆ ಉಳಿದದ್ದು ಕಪ್ಪು ಹಿನ್ನೆಲೆಯಲ್ಲಿ ಸುಕ್ಕುಗಟ್ಟಿದ ಒಂದು ಮುಖ. ಮಲ್ಲೇಶ್ವರದ್ದೂ ಇರಬಹುದು, ಮಥುರೆಯದ್ದೂ ಇರಬಹುದು. ಅದಕ್ಕೆ ಬಹುಮಾನವೂ ಬಂತು. ವಿಭಾಗ: ‘ಬದಲಾಗುತ್ತಿರುವ ನಗರ’!

ನಗರ ಬದಲಾಗುತ್ತಿದೆ ಎಂಬುದಕ್ಕೆ ಆ ಫೋಟೊದಲ್ಲಿದ್ದ ಸಾಕ್ಷಿಯನ್ನೆಲ್ಲ ಗಲೀಜೆಂದು ಗುಡಿಸಿದ್ದಾಯಿತಲ್ಲ! 1898ರ ಪ್ಲೇಗಿನ ನಂತರ ಗಾಳಿ ಬೆಳಕಿಗಾಗಿ ಹುಟ್ಟಿದ ಬಡಾವಣೆ ಮಲ್ಲೇಶ್ವರ. ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳಲ್ಲಿ ಈಗ ಸ್ಕೂಟರುಗಳು ನಿಲ್ಲುತ್ತವೆ. ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಇದೆ. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಬಂತು. ಈ ಕಥೆಯನ್ನು ಅಜ್ಜಿಯ ಸುಕ್ಕು ಹೇಳುವುದಿಲ್ಲ, ಬೋರ್ಡು ಹೇಳುತ್ತದೆ, ಫ್ಲೆಕ್ಸು ಹೇಳುತ್ತದೆ, ಮರಕ್ಕೆ ನೇಣು ಹಾಕಿಕೊಂಡಂತಿರುವ ಆ ಕೇಬಲ್ಲೂ ಹೇಳುತ್ತದೆ.

ಬೆಂಗಳೂರು ಪ್ಲೇಗಿಗೆ ತತ್ತರಿಸುತ್ತಿದ್ದ ಆ ಕಾಲಕ್ಕೇ ಪ್ಯಾರಿಸ್ಸಿನಲ್ಲಿ ಯೂಜೀನ್ ಆಟ್ಜೆ ಎಂಬಾತ ಹಳೇ ಬೀದಿಗಳ ಚಿತ್ರ ತೆಗೆಯಲು ಶುರುಮಾಡಿದ್ದ. ಮರದ ಕ್ಯಾಮೆರಾ, ಭಾರದ ಗಾಜಿನ ಫಲಕ ಹೊತ್ತು 1927ರಲ್ಲಿ ಸಾಯುವವರೆಗೂ ತಿರುಗಿದ. ಅಂಗಡಿಯ ಬೋರ್ಡು, ಬಾಗಿಲ ಹಿಡಿ, ಮೆಟ್ಟಿಲು, ಚಿಂದಿ ಆಯುವವರ ಗುಡಿಸಲು, ಎಲ್ಲವನ್ನೂ ಎದುರಿಗೆ ನೆಟ್ಟಗೆ ನಿಂತು ತೆಗೆದ. ಅವನಿಗಿಂತ ಮುಂಚೆ, 1860ರ ದಶಕದಲ್ಲಿ, ಅಲ್ಲಿನ ಆಡಳಿತಾಧಿಕಾರಿ ಓಸ್ಮನ್ ಸಾಹೇಬ ಕೆಡವಲಿದ್ದ ಬೀದಿಗಳನ್ನು ಪ್ಯಾರಿಸ್ ನಗರದ ಪರವಾಗಿಯೇ ಶಾರ್ಲ್ ಮಾರ್ವಿಲ್ ಎಂಬ ಫೋಟೊಗ್ರಾಫರ್ ಕ್ಯಾಮೆರಾದಲ್ಲಿ ಸೆರೆಹಿಡಿದಿಟ್ಟಿದ್ದ. ಹಳೇ ಪ್ಯಾರಿಸ್ ಹೇಗಿತ್ತೆಂದು ತಿಳಿಯಲು ಇಂದಿಗೂ ಜನ ನೋಡುವುದು ಇವರಿಬ್ಬರ ಚಿತ್ರಗಳನ್ನೇ.

ಇಬ್ಬರೂ ನಮ್ಮ ಕ್ಲಬ್ಬಿಗೆ ಬಂದಿದ್ದರೆ? “ಏನ್ರೀ, ಬೀದಿಯೆಲ್ಲ ಖಾಲಿ! ಒಂದು ಕೆಂಪು ಛತ್ರಿ ಬರೋವರೆಗೂ ಕಾಯಬಾರದಿತ್ತೇ? ಬಾಗಿಲು ನಡುಮಧ್ಯ ಯಾಕಿದೆ? ಭಿತ್ತಿಪತ್ರ ಕ್ಲೋನ್ ಮಾಡಿ ತೆಗೀರಿ.” ಪಾಪ, ಆಟ್ಜೆ ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತಿದ್ದ.

ವಿಮರ್ಶೆ ಬೇಡವೆಂದು ಯಾರು ಹೇಳಿದರು? ಹೊಸಬನಿಗೆ ಅದು ಬೇಕೇ ಬೇಕು. ಆದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಇದು ಯಾವ ಬೀದಿ, ಯಾವ ತಾರೀಖು? ಇಲ್ಲಿ ಮೊದಲು ಏನಿತ್ತು? ಎರಡು ಹೆಜ್ಜೆ ಹಿಂದೆ ಸರಿದಿದ್ದರೆ ಪಕ್ಕದ ಮನೆಯೂ ಬರುತ್ತಿತ್ತಲ್ಲ? ಮುಂದಿನ ವರ್ಷ ಇದೇ ಜಾಗದಲ್ಲಿ ನಿಂತು ಮತ್ತೆ ತೆಗೆಯುತ್ತೀಯಾ? ಇವನ್ನು ಕೇಳಲು ಬಿರುದು ಬೇಕಿಲ್ಲ. ಪ್ರಶಸ್ತಿ ಬಂದ ಪ್ರಿಂಟನ್ನು ಅಜ್ಜಿಯ ಕೈಗೇ ಕೊಟ್ಟು ನೋಡಿ: “ನನ್ನ ಮೋರೆ ಹಂಗಿರ್ಲಿ ಬಿಡು ಮಗ, ಹಿಂದ್ಗಡೆ ಶೆಟ್ರಂಗ್ಡಿ ಎಲ್ಲೋಯ್ತು?” ಎನ್ನುತ್ತಾಳೆ. ಇಡೀ ಜ್ಯೂರಿಗೆ ಹೊಳೆಯದ ಮಾತು ಅದು.

ಆದ್ದರಿಂದ ಕ್ಯಾಮೆರಾ ಹಿಡಿದು ಬೀದಿಗಿಳಿದ ಗೆಳೆಯರೇ, ಫೋಟೊವನ್ನು ಮೊದಲು ಆ ಬೀದಿಯವರಿಗೆ ತೋರಿಸಿ, ಆಮೇಲೆ ಕ್ಲಬ್ಬಿಗೆ ತನ್ನಿ. ಹಿಂದೆ ಜಾಗ, ತಾರೀಖು ಬರೆದಿಡಿ. ಕೇಬಲ್ಲನ್ನು ಅಲ್ಲೇ ಬಿಡಿ. ಬೀದಿಯನ್ನು ಅಳಿಸಲು ಜೆಸಿಬಿ ಇದೆ, ಅದಕ್ಕೆ ನಿಮ್ಮ ಸಹಾಯ ಬೇಕಿಲ್ಲ.