ಹಗ್ಗದ ಅಭ್ಯಂಜನ

ಸೌತಾಂಪ್ಟನ್ನಿನಲ್ಲಿರುವ ನಮ್ಮ ಭಾವನವರ ಬಳಿ ಹಾಯಿದೋಣಿ ಇದೆಯೆಂದು ಕೇಳಿದ ಕುಂದಾಪುರದ ನೆಂಟರೆಲ್ಲ ಅವರನ್ನು ಭಾರೀ ಕುಳವೆಂದೇ ತಿಳಿದಿದ್ದಾರೆ. ದೋಣಿಯನ್ನು ಕಣ್ಣಾರೆ ನೋಡಿದವರು ಹಾಗೆ ತಿಳಿಯಲಾರರು. ಬೇಸಿಗೆಯ ನಾಲ್ಕಾರು ಭಾನುವಾರ ಅದು ಸೋಲೆಂಟ್ ಜಲಸಂಧಿಯಲ್ಲಿ ತೇಲುತ್ತದೆ. ಉಳಿದ ಕಾಲವೆಲ್ಲ ಅದರ ಶುಶ್ರೂಷೆ. ಅದರಲ್ಲೂ ಸಿಂಹಪಾಲು ಹಗ್ಗಗಳದ್ದು.

ಚಳಿಗಾಲ ಬಂತೆಂದರೆ ಹಾಯಿ ಏರಿಸುವ ಹಗ್ಗ, ಹಾಯಿಯ ಮೂಲೆ ಎಳೆದು ಹಿಡಿಯುವ ಹಗ್ಗ, ದೋಣಿಯನ್ನು ದಡಕ್ಕೆ ಕಟ್ಟುವ ಹಗ್ಗ ಎಲ್ಲವೂ ಸಾಲಾಗಿ ಮನೆಗೆ ಬರುತ್ತವೆ. ಹಾಯಿಕಂಬದ ಒಳಗೆ ಓಡುವ ಹಗ್ಗವನ್ನು ಸುಮ್ಮನೆ ಎಳೆದುಕೊಂಡು ಬರುವ ಹಾಗಿಲ್ಲ. ಅದರ ತುದಿಗೊಂದು ಸಣ್ಣ ದಾರ ಕಟ್ಟಬೇಕು. ಹಗ್ಗ ಹೊರಬಂದಂತೆ ದಾರ ಒಳಹೋಗಿ, ಬಸ್ಸಿನ ಸೀಟಿನ ಮೇಲೆ ಹಾಸಿದ ಟವೆಲ್ಲಿನ ಹಾಗೆ ಅದರ ಜಾಗ ಕಾಯುತ್ತದೆ. ಗಂಟು ಒಳಗೇ ಕಳಚಿಕೊಂಡರೆ ಯಾರಾದರೂ ಕಂಬ ಹತ್ತಬೇಕು. ಆ ‘ಯಾರಾದರೂ’ ಎಂದರೆ ಊರಿಂದ ಬಂದ ಬಾಮೈದ ಎಂದು ಬೇರೆ ಹೇಳಬೇಕಿಲ್ಲ.

ಪಾಲಿಯೆಸ್ಟರ್ ಹಗ್ಗವನ್ನು ಉಪ್ಪು ಕೊಳೆಸುವುದಿಲ್ಲ, ನಿಜ. ಆದರೆ ಎಳೆಗಳ ನಡುವೆ ಹರಳುಗಟ್ಟಿ ಕೂತು, ಗಾಳಿಯ ತೇವ ಹೀರುತ್ತ ಹಗ್ಗವನ್ನು ಬಿರುಸಾಗಿಸುತ್ತದೆ. ಜೊತೆಗೆ ಮರಳು ಸೇರಿದರೆ ಒಳಗೊಳಗೇ ಎಳೆಗಳು ಸವೆಯುತ್ತವೆ. ಇಂಗ್ಲೆಂಡಿನ ಥಂಡಿಗೆ ಮೇಲೆ ಹಸಿರು ಪಾಚಿ ಬೇರೆ.

ಹಾಗಾಗಿ ಅಭ್ಯಂಜನ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ರಾತ್ರಿಯಿಡೀ ನೆನೆತ. ಬೆಳಿಗ್ಗೆ ಬಕೆಟ್ಟಿನ ಕಪ್ಪು ನೀರು ನೋಡಿ ಭಾವನ ಮುಖದಲ್ಲಿ ಧನ್ಯತೆ. ಬ್ಲೀಚ್ ನಿಷಿದ್ಧ. ಜೋರು ನೀರಿನ ಪಂಪೂ ನಿಷಿದ್ಧ, ಅದು ಕೊಳೆಯನ್ನು ಇನ್ನೂ ಒಳಕ್ಕೇ ನೂಕುತ್ತದೆ. ಆಮೇಲೆ ಸಿಕ್ಕಾಗದಂತೆ ಹಗ್ಗವನ್ನು ಸರಪಳಿ ಹೆಣೆದು, ದಿಂಬಿನ ಕವರಿಗೆ ತುಂಬಿ, ಬಾಯಿ ಕಟ್ಟಿ ವಾಷಿಂಗ್ ಮೆಷಿನ್ನಿಗೆ.

“ಹ್ವಾಯ್, ಅದು ಅಮ್ಮ ಕಸೂತಿ ಹಾಕಿ ಕೊಟ್ಟ ಕವರ್!” ಅಕ್ಕ ಕೂಗಿದಳು.

“ಎಂಥಾ ಗಟ್ಟಿ ಬಟ್ಟೆ ಮಾರಾಯ್ತಿ! ಈಗ ಇಂಥದ್ ಎಲ್ ಸಿಕ್ಕತ್?”

ಭಾವ ತಮ್ಮ ಅತ್ತೆಯನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಭಾವನ ಅಜ್ಜನ ಕಾಲದ ದೋಣಿಗಳಲ್ಲಿ ತೆಂಗಿನ ನಾರಿನ ಹಗ್ಗ. ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ಹೊಸೆದದ್ದು. ಉಪ್ಪುನೀರಿಗೆ ಬೇಗ ಬಗ್ಗುವ ಜಾತಿಯಲ್ಲ. ಸೋಪನ್ನಂತೂ ಜನ್ಮದಲ್ಲಿ ಕಂಡದ್ದಲ್ಲ. ಇತ್ತ ಇಂಗ್ಲೆಂಡಿನಲ್ಲಿ 19ನೆಯ ಶತಮಾನದ ಜೈಲುಗಳಲ್ಲಿ ಕೈದಿಗಳ ಮುಂದೆ ಹಡಗಿನ ಹಳೆಯ ಹಗ್ಗದ ತುಂಡುಗಳನ್ನು ಸುರಿದು, ಟಾರು ಮೆತ್ತಿದ ಆ ನಾರನ್ನು ಕೈಯಿಂದ ಎಳೆಎಳೆಯಾಗಿ ಬಿಡಿಸುವ ಕೆಲಸ ಕೊಡುತ್ತಿದ್ದರು. ಬಿಡಿಸಿದ ನಾರು ಹಡಗಿನ ಹಲಗೆಗಳ ಸಂದಿಗೆ ಹೋಗುತ್ತಿತ್ತು, ನೀರು ಜಿನುಗದಿರಲೆಂದು. ಅಂದು ಶಿಕ್ಷೆಯಾಗಿದ್ದದ್ದು ಈಗ ಭಾವನ ಹವ್ಯಾಸ. ಕೈದಿಗಾದರೂ ಬಿಡುಗಡೆಯ ತಾರೀಖು ಇರುತ್ತಿತ್ತು.

ಎಷ್ಟೇ ತೊಳೆದರೂ ಬಿಸಿಲು ತಿಂದ ಶಕ್ತಿ ಹಗ್ಗಕ್ಕೆ ಮರಳುವುದಿಲ್ಲ. ಮೇಲಿನ ಹೊದಿಕೆ ಹರಿದು ಒಳಗಿನ ತಿರುಳು ಕಂಡಿತೋ, ಅದನ್ನು ನಂಬಿ ಕಡಲಿಗಿಳಿಯಬಾರದು. ಇದು ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಎಸೆಯುವ ಮನಸ್ಸಿಲ್ಲ. ಸದ್ಯ ಅಂಥ ಹಗ್ಗಗಳಿಗೆ ಹಿತ್ತಲ ಟೊಮೆಟೊ ಗಿಡ ಕಟ್ಟುವ ಕೆಲಸ. ಸುನಾಮಿ ಬಂದರೂ ಆ ಗಿಡಗಳು ಅಲುಗುವುದಿಲ್ಲ.

ತೊಳೆದ ಹಗ್ಗ ನೆರಳಿನಲ್ಲಿ ಒಣಗಬೇಕು. ನೆರಳು ಎಂದರೆ ಅಲ್ಲಿ ಮೆಟ್ಟಿಲು, ಸೋಫಾ ಮತ್ತು ಅತಿಥಿಗಳ ಕೋಣೆ. ಆ ಕಡೆ ಹೋಗುವವರು ಬೇಸಿಗೆಯಲ್ಲೇ ಹೋಗಿ. ಚಳಿಗಾಲದಲ್ಲಿ ಹೋಗುವುದೇ ಆದರೆ ದಿಂಬಿನ ಕವರು ಒಯ್ಯಿರಿ, ಕಸೂತಿ ಇಲ್ಲದ್ದು.